ಎಡಚಕ್ರದ ಮಹಾಸಮರ

ಎಲೈ ವಾಗ್ದೇವಿಯೇ, ಗ್ರೀಸು ಮೆತ್ತಿದ ಬೆರಳುಗಳಿಂದ ನಿನ್ನ ಪಾದ ಮುಟ್ಟುವ ಅಪಚಾರವನ್ನು ಮನ್ನಿಸಿ ನುಡಿಸು! ಪೆಟ್ರೋಲ್‌ಪಾನಮತ್ತ ವಾಹನಗಳು ರಸ್ತೆಗುಂಡಿಗಳೊಡನೆ ನಿತ್ಯಸಂಗ್ರಾಮ ನಡೆಸುತ್ತಿದ್ದ ಆ ಯುಗವನ್ನು ನುಡಿಸು. ಆ ಯುಗದಲ್ಲಿ ಗದಗಿನ ಬಡಾವಣೆಯೊಂದನ್ನು ಬೆಳಗುತ್ತಿದ್ದ, ಸೀಮೆಸುಣ್ಣಧೂಳಿಧೂಸರಿತಬಾಹುವೂ ಸ್ಥೂಲೋಪನೇತ್ರಧಾರಿಯೂ ಪಾಲಿಟೆಕ್ನಿಕ್ಕಿನ ಭೌತಶಾಸ್ತ್ರಾಧ್ಯಾಪಕನೂ ಆದ ಪಂಚಾಕ್ಷರಿ ಕವಲೂರನನ್ನು ನುಡಿಸು!

ಇಪ್ಪತ್ತೆರಡು ವರ್ಷ ಸ್ಪ್ರಿಂಗಿನ ನಿಯಮವನ್ನು ಕರಿಹಲಗೆಯ ಮೇಲೆ ಬರೆದು ಅಳಿಸಿದ ಈ ಮಹಾನುಭಾವನು ಬಾಲ್‌ಪೆನ್ನಿನೊಳಗಿನದಕ್ಕಿಂತ ದೊಡ್ಡ ಸ್ಪ್ರಿಂಗನ್ನು ಕೈಯಿಂದ ಮುಟ್ಟಿದವನಲ್ಲ. ಆದರೂ ತನ್ನ ಹಳೆಯ ಕಾರಿನ ಮುಂದಿನ ಎಡಚಕ್ರದಿಂದ ಕಟಕಟ ಸದ್ದು ಹೊರಟಾಗ, ಆ ಕರ್ಣಕಠೋರಶಬ್ದಾಸುರನನ್ನು ಸ್ವಗೃಹಾಂಗಣದಲ್ಲೇ ಸಂಹರಿಸುವೆನೆಂದು ಸ್ಟಾಫ್ ರೂಮಿನ ತುಂಬಿದ ಸಭೆಯಲ್ಲಿ ಪ್ರತಿಜ್ಞೆಗೈದನು. ಏಳು ಮಂದಿ ಸಾಕ್ಷಿಗಳಿದ್ದರು; ಇಬ್ಬರು ಆಗಲೇ ನಗುತ್ತಿದ್ದರು.

ಅಸುರನ ಪ್ರಾಣವಿದ್ದುದು ಸವೆದ ಶಾಕ್ ಅಬ್ಸಾರ್ಬರಿನಲ್ಲಿ. ಅದನ್ನು ಬದಲಿಸಬೇಕಾದರೆ ಅದರ ಸುತ್ತ ಬಿಗಿದು ನಿಂತ ಉಕ್ಕಿನ ಸ್ಪ್ರಿಂಗನ್ನು ಎರಡು ಕೊಕ್ಕೆಸ್ಕ್ರೂಗಳಿಂದ ಅದುಮಿ ಹಿಡಿಯಬೇಕು. ಆ ದಿವ್ಯಾಯುಧಗಳನ್ನು ಎರವಲು ಕೊಟ್ಟ ಮೆಕ್ಯಾನಿಕ್ ಖಾಜಾಸಾಬ ಮೂರು ಸಲ ತಲೆ ಕೆರೆದುಕೊಂಡಿದ್ದನು.

"ಸರ, ಇದು ಒತ್ತಿಟ್ಟ ಸಿಟ್ಟು. ಕೊಕ್ಕಿ ಎದುರಾ ಬದುರಾ ಹಾಕ್ರಿ. ಈ ಕಡಿ ಎರಡು ಸುತ್ತು, ಆ ಕಡಿ ಎರಡು ಸುತ್ತು, ಸಾವಕಾಶ. ಸ್ಪ್ರಿಂಗ್ ತಾನಾಗೇ ಸಡ್ಲ ಆಗೂತನಾ ಮ್ಯಾಲಿನ ನಟ್ ಮುಟ್ಟಬ್ಯಾಡ್ರಿ. ಅದರ ಬಾಯಿ ಎದುರಿಗಂತೂ ನಿಂದ್ರಲೇಬ್ಯಾಡ್ರಿ."

ಭಾನುವಾರ ಬೆಳಿಗ್ಗೆ, ಜಾಕಿನ ಮೇಲೆ ಕಾರನ್ನೆತ್ತಿ, ಅಡಿಯಲ್ಲಿ ಗಟ್ಟಿ ಆಸರೆಯಿಟ್ಟು, ಚಕ್ರ ಕಳಚಿ, ಸ್ಪ್ರಿಂಗ್ ಸಮೇತ ಅಬ್ಸಾರ್ಬರನ್ನು ಹೊರಗೆಳೆದು ಗೋಣಿಚೀಲದ ಮೇಲೆ ಮಲಗಿಸಿದ ಪಂಚಾಕ್ಷರಿಯು ನಟ್ಟು ತಿರುಗಿಸುವ ಪಾನಾವನ್ನು ಗದೆಯಂತೆತ್ತಿ ಗರ್ಜಿಸಿದನು:

"ಎಲೈ ಲೋಹಸರ್ಪವೇ! ನಿನ್ನ ಕುಲಗೋತ್ರವೆಲ್ಲ ನನ್ನ ನೋಟ್ಸಿನಲ್ಲಿದೆ! ಎಷ್ಟು ಅದುಮಿದರೆ ಎಷ್ಟು ಪ್ರತಿಬಲವೆಂದು ಸಾವಿರ ಶಿಷ್ಯರಿಗೆ ಕಲಿಸಿದವನು ನಾನು! ಶರಣಾಗು!"

ಆತನ ಧರ್ಮಪತ್ನಿಯೂ ಹೊಲಿಗೆ ತರಗತಿಯ ಒಡತಿಯೂ ಆದ ದಾನಮ್ಮ ಕಟ್ಟೆಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು.

"ಮದ್ಲ ಕಣ್ಣಿಗೆ ಆ ದಪ್ಪನ ಚಸ್ಮಾ ಹಾಕ್ಕೋರಿ. ಶರಣಾಗೂದು ಆಮ್ಯಾಲ."

ವೀರನು ತನ್ನ ಉಪನೇತ್ರದ ಮೇಲೆಯೇ ಆ ನೇತ್ರಕವಚವನ್ನು ಧರಿಸಿದನು. ಕೊಕ್ಕೆಗಳನ್ನು ಹೂಡಿ ಈ ಕಡೆ ಎರಡು, ಆ ಕಡೆ ಎರಡು ಎಂದು ತಿರುಗಿಸತೊಡಗಿದನು. ಸುರುಳಿಗಳು ಹತ್ತಿರ ಸರಿದವು. ಸರಿದಂತೆಲ್ಲ ಆತನ ಆವೇಶವೇರಿತು. ವಿಜಯವಾರ್ತೆಯನ್ನು ಸ್ಟಾಫ್ ರೂಮಿನಲ್ಲಿ ಯಾವ ಮಾತಿನಿಂದ ಆರಂಭಿಸಲೆಂದು ಯೋಚಿಸುತ್ತ ಒಂದೇ ಕಡೆ ಒಂಬತ್ತು ಸುತ್ತು ತಿರುಗಿಸಿಬಿಟ್ಟನು.

ಟಣ್!

ಒಂದು ಕೊಕ್ಕೆ ಅರ್ಧ ಅಂಗುಲ ಜಾರಿತು. ಸ್ಪ್ರಿಂಗು ಬಾಳೆಹಣ್ಣಿನಂತೆ ಬಾಗಿತು. ಮುಂದೆ ಬಗ್ಗಿ ನೋಡುತ್ತಿದ್ದ ಪಂಚಾಕ್ಷರಿಯ ಬಾಯಿಗೆ ನೇರವಾಗಿ ಅದರ ಬಾಯಿಯಿತ್ತು. ಸಂಗ್ರಹವಾದ ಶಕ್ತಿಯು ಅದುಮಿದ ದೂರದ ವರ್ಗಕ್ಕೆ ಅನುಗುಣವೆಂದು ಬಾಯಿಪಾಠ ಮಾಡಿಸಿದವನಿಗೆ ಆ ಸೂತ್ರದ ಅರ್ಥ ಅಂದು ಮೊದಲ ಬಾರಿಗೆ ಹೊಟ್ಟೆಯೊಳಗೆ ಹೊಳೆಯಿತು.

ದಾನಮ್ಮನ ಮಡಿಲಿನ ಅವರೆಕಾಳೆಲ್ಲ ನೆಲಕ್ಕೆ ಚೆಲ್ಲಿದವು. ಆದರೆ ದನಿ ಏರಲಿಲ್ಲ.

"ಪಾನಾ ಅಲ್ಲೇ ಬಿಡ್ರಿ. ಬಗ್ಗಬ್ಯಾಡ್ರಿ. ಹಂಗ ಬಾಜೂಕ ಸರೀರಿ... ಇನ್ನೂ ಸರೀರಿ."

ಆತನು ಸರಿದನು. "ಹಿಂದ ಸರದ್ರ ಸ್ಟಾಫ್ ರೂಮಿನ್ಯಾಗ ಏನಂತ ಹೇಳ್ಲಿ, ದಾನಮ್ಮ?"

"ಹಲ್ಲು ಇದ್ರ ಹೇಳೂದಲ್ಲ?"

ಆಗ ಆ ನರಶಾರ್ದೂಲನು, ತನ್ನ ಬಾಳಿನಲ್ಲೇ ಅತ್ಯಂತ ಕಠಿಣವಾದ ಪರಾಕ್ರಮವನ್ನು ಮೆರೆದನು: ಪಕ್ಕದಲ್ಲಿ ಕುಳಿತು, ಬಿಗಿದ ಕಡೆಯನ್ನು ಕಾಲು ಸುತ್ತಿನಂತೆ ಸಡಿಲಿಸುತ್ತ, ಸ್ಪ್ರಿಂಗು ನೆಟ್ಟಗಾದ ಮೇಲೆ ಎರಡೂ ಕಡೆ ಬಿಚ್ಚುತ್ತ, ಮೊದಲಿನಿಂದ ಆರಂಭಿಸಿದನು. ಈ ಬಾರಿ ದಾನಮ್ಮನೇ ಎಣಿಸಿದಳು. "ಒಂದು, ಎರಡು, ಸಾಕು. ಈಗ ಆ ಕಡಿ." ಗರ್ಜನೆಗೆ ಎಡೆಯಿರಲಿಲ್ಲ. ಆಕೆ ಸಾಕೆಂದಾಗ ನಿಲ್ಲಿಸುತ್ತ, ಬೆವರೊರೆಸಿಕೊಳ್ಳುತ್ತ ಮುಂದುವರಿದಾಗ, ಮಧ್ಯಾಹ್ನದ ಹೊತ್ತಿಗೆ ಸ್ಪ್ರಿಂಗು ತನ್ನ ಪೀಠದ ಮೇಲೆ ಸಡಿಲವಾಗಿ ಅಲುಗಿತು. ನಟ್ಟು ಬಿಚ್ಚಿದನು. ಹಳೆಯದು ಹೋಯಿತು, ಹೊಸದು ಕೂತಿತು, ಕೊಕ್ಕೆಗಳು ಅಷ್ಟೇ ನಿಧಾನವಾಗಿ ಬಿಟ್ಟುಕೊಟ್ಟವು. ನಾಲ್ಕು ಗಂಟೆಗೆ ಕಾರು ನಾಲ್ಕು ಚಕ್ರಗಳ ಮೇಲೆ ನಿಂತಾಗ, ತರಚಿದ ಒಂದೇ ಗೆಣ್ಣಿನ ಹೊರತು ಸರ್ವಾಂಗಸುಂದರನಾಗಿ ಉಳಿದಿದ್ದ ಆ ಸುರುಳೀಮರ್ದನನು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅರ್ಧಾಂಗಿಯನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ದಿಗ್ವಿಜಯಯಾತ್ರೆಗೆ ಹೊರಟನು.

ಮೊದಲ ಗುಂಡಿಯಲ್ಲಿ, ದಾನಮ್ಮನ ಪಾದದಡಿಯಿಂದ, ಕಟಕಟ ಎಂದಿತು.

ಎರಡನೆಯದರಲ್ಲಿಯೂ.

ದಾನಮ್ಮ ಬಗ್ಗಿ ಪಾದದಡಿಗೆ ಕಿವಿಗೊಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಲ್ರೀ, ಎಡಗಡೀದು ಬಿಚ್ಚೂಮುಂದ ನೀವು ಗಾಡಿ ಮುಂದ, ಅದರ ಮಾರಿ ನೋಡಕೋತ ನಿಂತಿದ್ರಿ, ಹೌದಲ್ಲ?"

"ಹೌದು."

"ನಿಮ್ಮ ಎಡಗಡಿ ಗಾಡೀಗೆ ಬಲಗಡಿ ಆಗ್ತೈತ್ರಿ."

ಭೌತಶಾಸ್ತ್ರಾಧ್ಯಾಪಕನು ಸ್ಟಿಯರಿಂಗಿನ ಮೇಲಿದ್ದ ತನ್ನ ಎಡಗೈಯನ್ನು ನೋಡಿದನು, ಬಲಗೈಯನ್ನು ನೋಡಿದನು. ಬಳಿಕ ಕಿಟಕಿಯ ಗಾಜೇರಿಸಿ, ರೇಡಿಯೋದ ದನಿಯನ್ನು ಸ್ವಲ್ಪ ಹೆಚ್ಚಿಸಿದನು.