ರತ್ನಮಾಲಾಬಾಯಿಯವರ ಸಂಜೆಯ ಬಡಿತ

ಹದಿನಾರು ಮಗ್ಗಗಳು ಒಟ್ಟಿಗೆ ಖಟಖಟಿಸುವ ಶೆಡ್ಡಿನಲ್ಲಿ ಕಣ್ಣು ಮುಚ್ಚಿ ನಿಂತು, ಯಾವ ಮಗ್ಗದಲ್ಲಿ ಎಳೆ ಹರಿಯಿತು ಎಂದು ಸದ್ದಿನಿಂದಲೇ ಹೇಳಬಲ್ಲ ಮನುಷ್ಯ ಇಚಲಕರಂಜಿಯಲ್ಲಿ ಒಬ್ಬರೇ ಇದ್ದಾರೆ: ಜಿನೇಂದ್ರ ಚೌಗುಲೆಯವರು. ಇದು ಊರಿನ ಅಭಿಪ್ರಾಯವಲ್ಲ, ಚೌಗುಲೆಯವರದೇ ಅಭಿಪ್ರಾಯ. ಆದ್ದರಿಂದ ಕಳೆದ ಡಿಸೆಂಬರಿನಲ್ಲಿ ಹೆಂಡತಿಯ ಎದೆಯಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ ಎಂಬ ಸುದ್ದಿ ಬಂದಾಗ, ಅದರ ಮೂಲವನ್ನು ಯಾರ ನೆರವೂ ಇಲ್ಲದೆ ತಾವೇ ಹುಡುಕುವುದೆಂದು ಅವರು ಸಂಕಲ್ಪ ಮಾಡಿದರು.

ಸುದ್ದಿ ತಂದದ್ದು ಕೈಗಡಿಯಾರ. ಕೊಲ್ಹಾಪುರಕ್ಕೆ ಕೊಟ್ಟ ಮಗಳು ನೂತನ ದೀಪಾವಳಿಗೆ ಬಂದಾಗ ಅಪ್ಪನಿಗೊಂದು, ಅವ್ವನಿಗೊಂದು ಸ್ಮಾರ್ಟ್ ವಾಚ್ ತಂದು ಕಟ್ಟಿದ್ದಳು. ಹೆಜ್ಜೆ, ನಿದ್ದೆ, ಎದೆಬಡಿತ, ಎಲ್ಲವೂ ಅದರಲ್ಲಿ. ಚೌಗುಲೆಯವರಿಗೆ ಅದು ಮೊದಲ ದಿನವೇ ಹಿಡಿಸಿತು. ಮಗ್ಗದ ಗದ್ದಲದಲ್ಲಿ ಫೋನು ಕೂಗಿ ಕೂಗಿ ಸುಮ್ಮನಾಗುವುದು ಅವರಿಗೆ ಎಂದೂ ಕೇಳಿಸುತ್ತಿರಲಿಲ್ಲ; ಈಗ ಮಣಿಕಟ್ಟಿನಲ್ಲಿ ಜುಂ ಎಂದರೆ ಸಾಕು, ಹೊರಗೆ ಹೋಗಿ ಮಾತಾಡಿ ಬರಬಹುದು. ಒಂದು ದಿನ ನಡುಗುವ ಮಗ್ಗದ ಮೇಲೆ ಕೈಯಿಟ್ಟು ಅರ್ಧ ತಾಸು ನಿಂತದ್ದಕ್ಕೆ ಗಡಿಯಾರ ಅದನ್ನು ನಡಿಗೆ ಎಂದು ತಿಳಿದು ಅವರನ್ನು ಅಭಿನಂದಿಸಿತು. ಚೌಗುಲೆಯವರು ಅಭಿನಂದನೆಯನ್ನು ತಿರಸ್ಕರಿಸಲಿಲ್ಲ.

ಒಬ್ಬರ ಮೇಲೊಬ್ಬರು ಕಣ್ಣಿಡಲಿ ಎಂದು ನೂತನ ಅವ್ವನ ಗಡಿಯಾರದ ವಿವರಗಳು ಅಪ್ಪನ ಫೋನಿನಲ್ಲಿ ಕಾಣುವ ಹಾಗೆ ಮಾಡಿಟ್ಟಿದ್ದಳು. ಅಲ್ಲಿ ಚೌಗುಲೆಯವರ ಕಣ್ಣಿಗೆ ಬಿತ್ತು: ದಿನವಿಡೀ ಸಮನಾಗಿ ಸಾಗುವ ಎದೆಬಡಿತದ ಗೆರೆ, ಸಂಜೆ ಐದೂ ಮುಕ್ಕಾಲಿಗೆ ಸರ್ರನೆ ಮೇಲೇರಿ ನೂರಾ ನಲವತ್ತನ್ನು ಮುಟ್ಟಿ ಕೆಂಪಾಗಿ, ಆರರ ಹೊತ್ತಿಗೆ ಇಳಿಯುತ್ತಿತ್ತು. ದಿನಾಲೂ ಹೀಗೆಯೇ. ಮಗ್ಗಕ್ಕೆ ರಜೆ ಇದ್ದ ದಿನ ಮಾತ್ರ ಗೆರೆ ತನ್ನ ಪಾಡಿಗೆ ತಾನು ಮಲಗಿರುತ್ತಿತ್ತು.

"ಸಂಜೀಕ ನಿನಗ ಎದಿಯೊಳಗ ಏನರ ಆಗತೈತೇನ?" ಎಂದು ಹೆಂಡತಿಯನ್ನು ಕೇಳಿದರು.

"ಏನೂ ಆಗಂಗಿಲ್ರಿ. ಯಾಕ?" ಎಂದರು ರತ್ನಮಾಲಾಬಾಯಿ.

"ಸುಮ್ನ ಕೇಳಿದೆ."

ಗೆರೆಯ ವಿಷಯ ಹೇಳಿದರೆ ಹೆದರಿಕೆಗೆ ಅದು ಇನ್ನೂ ಮೇಲೇರೀತು ಎಂದು ಅವರು ಬಾಯಿ ಬಿಡಲಿಲ್ಲ. ಗುಟ್ಟಾಗಿ ತನಿಖೆ ಆರಂಭವಾಯಿತು. ಟಿವಿ ಧಾರಾವಾಹಿ ಶುರುವಾಗುವುದು, ಹೊತ್ತು ಮುಳುಗುವ ಮೊದಲೇ ಉಣ್ಣುವ ಈ ಜೈನರ ಮನೆಯಲ್ಲಿ ಊಟವಾದ ಮೇಲೆ, ಏಳಕ್ಕೆ; ಅದು ನಿರಪರಾಧಿ. ಹಾಲಿನವನು ಬರುವುದು ನಾಲ್ಕಕ್ಕೆ. ಉಳಿದದ್ದು ಒಂದೇ: ಐದೂವರೆಗೆ ಗಡಹಿಂಗ್ಲಜದಿಂದ ಬರುವ ಶಾಲನಕ್ಕನ ಫೋನು. ಶಾಲನ ಚೌಗುಲೆಯವರ ಹಿರಿಯ ಅಕ್ಕ. ಯಾರ ಮೊಣಕಾಲು ಬಾತಿದೆ, ಯಾರ ಸೊಸೆ ಏನೆಂದಳು ಎಂಬುದೆಲ್ಲ ಅವರ ಮೂಲಕವೇ ಇಚಲಕರಂಜಿಗೆ ಬರುತ್ತಿತ್ತು. ರಜೆಯ ದಿನ ತಮ್ಮನು ಮನೆಯಲ್ಲೇ ಇರುತ್ತಾನೆಂದು ಅವರು ಫೋನು ಮಾಡುತ್ತಿರಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು ಚೌಗುಲೆಯವರು ಶೆಡ್ಡಿನ ಹೊರಗೆ ನಿಂತು ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ಇನ್ನ ಸಂಜೀಕ ರತ್ನಮಾಲಾಗ ಫೋನ್ ಮಾಡಬ್ಯಾಡ. ಆಕಿ ಎದಿ ಭಾಳ ಜೋರ್ ಬಡಿತೈತಿ."

"ನಾ ಮಾತಾಡಿದ್ದಕ್ಕ?"

"ಗಡಿಯಾರದಾಗ ತೋರಸ್ತೈತಿ."

"ಗಡಿಯಾರದಾಗ ನನ್ನ ಹೆಸರ ಬಂದೈತೇನ?"

"ಹೆಸರ ಬರಂಗಿಲ್ಲ. ಟೈಮ್ ಬರತೈತಿ."

"ಬರಲಿ," ಎಂದು ಶಾಲನಕ್ಕ ಫೋನು ಇಟ್ಟರು.

ಮರುದಿನದಿಂದ ಗಡಹಿಂಗ್ಲಜ ಮೌನ ತಾಳಿತು. "ಅಕ್ಕಾರ ಫೋನ್ ಇಲ್ಲ. ನಾ ಮಾಡಿದ್ರೂ ಎತ್ತವಲ್ಲರು. ಆರಾಮ ಅದಾರೋ ಇಲ್ಲೋ," ಎಂದು ರತ್ನಮಾಲಾಬಾಯಿ ಚಡಪಡಿಸಿದರು. ಗಂಡ ಫೋನು ನೋಡಿಕೊಂಡರು. ಗೆರೆ ಇಳಿದಿರಲಿಲ್ಲ. ನೂರಾ ನಲವತ್ತರ ಮೇಲೆ ಇನ್ನೂ ಮೂರು ಏರಿತ್ತು.

ಈಗ ಚೌಗುಲೆಯವರಿಗೆ ನಿಜವಾಗಿ ಭಯವಾಯಿತು. ರತ್ನಮಾಲಾಬಾಯಿಯ ಅಣ್ಣ ಅಣ್ಣಾಸಾಹೇಬರು ಐವತ್ತೈದಕ್ಕೇ ಹೋದವರು. ನೋವು ಎಂದು ಒಂದು ಮಾತೂ ಹೇಳಿರಲಿಲ್ಲ. ಕಬ್ಬಿನ ಹೊಲದಿಂದ ಬಂದು, ಕೈಕಾಲು ತೊಳೆದು, ಕಟ್ಟೆಯ ಮೇಲೆ ಕುಳಿತವರು ಏಳಲಿಲ್ಲ. ಅದೇ ರಕ್ತ, ಅದೇ ಏನೂ ಹೇಳದ ಸ್ವಭಾವ. ಚೌಗುಲೆಯವರು ನೂತನಳಿಗೆ ಎಲ್ಲ ತಿಳಿಸಿದರು. ಅವಳು ಕೊಲ್ಹಾಪುರದಲ್ಲಿ ಹೃದಯದ ಡಾಕ್ಟರರ ವೇಳೆ ಗೊತ್ತುಮಾಡಿದಳು. "ಸುಮ್ನ ಒಮ್ಮಿ ತೋರಿಸ್ಕೊಂಡ ಬರೂಣು, ವಯಸ್ಸಾತು," ಎಂದಷ್ಟೇ ಹೆಂಡತಿಗೆ ಹೇಳಿ ಅವರು ಕಾರು ಹೊರಗೆ ತೆಗೆಯುವಷ್ಟರಲ್ಲಿ, ಮುಂಜಾನೆಯ ಬಸ್ಸಿಗೆ ಹೊರಟುಬಂದ ಶಾಲನಕ್ಕ ಕೈಯಲ್ಲಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ರತ್ನಮಾಲಾ, ನನ್ನ ಮಾತಿಗೆ ನಿನ್ನ ಎದಿ ಒಡಿತೈತಿ ಅಂತ ನನಗ ಹೇಳಬೇಕಿತ್ತು. ತಮ್ಮನ ಕಡಿಂದ ಯಾಕ ಹೇಳಿಸಿದಿ?"

ರತ್ನಮಾಲಾಬಾಯಿ ಗಂಡನ ಮುಖ ನೋಡಿದರು. ಗಂಡ ಕಾರಿನ ಚಕ್ರ ನೋಡಿದರು. ಅಲ್ಲಿಗೆ ಗಡಿಯಾರ, ಗೆರೆ, ಗುಟ್ಟಿನ ತನಿಖೆ ಎಲ್ಲವೂ ಬಯಲಾದವು.

"ಅಕ್ಕಾರ, ನಿಮ್ಮ ಫೋನ್ ಬರಲಿಲ್ಲಂದ್ರ ನನಗ ದಿನ ಹೋಗಂಗಿಲ್ಲ," ಎಂದು ರತ್ನಮಾಲಾಬಾಯಿ ಅತ್ತಿಗೆಯ ಕೈ ಹಿಡಿದರು. ಶಾಲನಕ್ಕನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನು ತಮ್ಮನಿಗಾಗಿ ಇಟ್ಟುಕೊಂಡು ಅವರೂ ಕಾರು ಹತ್ತಿದರು.

ಕೊಲ್ಹಾಪುರದಲ್ಲಿ ರತ್ನಮಾಲಾಬಾಯಿಯ ಎದೆಯ ಮೇಲೆ ತಂತಿಗಳನ್ನು ಅಂಟಿಸಿ ನೋಡಿದರು. ಓಡುವ ಪಟ್ಟಿಯ ಮೇಲೆ ಅವರು ಸೀರೆಯ ನಿರಿಗೆ ಹಿಡಿದು ಒಂಬತ್ತು ನಿಮಿಷ ನಡೆದರು. ಕಾಗದಗಳನ್ನೆಲ್ಲ ನೋಡಿದ ಡಾಕ್ಟರ್ ಬಾಯಿಯವರು, "ಎದಿ ಮಸ್ತ್ ಐತಿ," ಎಂದರು. ಆಮೇಲೆ ಚೌಗುಲೆಯವರ ಫೋನಿನಲ್ಲಿ ಗೆರೆ ಐದೂ ಮುಕ್ಕಾಲಿಗೆ ಏರುವುದನ್ನು ನೋಡಿ ಕೇಳಿದರು: "ಪೌಣೆ ಆರಕ್ಕ ನೀವು ಏನ ಮಾಡತಿರತೀರಿ?"

"ರೊಟ್ಟಿ ಬಡಿತಿರತೇನ್ರಿ."

"ಗಡಿಯಾರ ಯಾವ ಕೈಗೆ ಕಟ್ಟತೀರಿ?"

"ಬಲಗೈಗೆ. ಎಡಗೈಯಾಗ ಬಂಗಾರದ ಬಳಿ ಅದಾವು."

"ಬಡಿಯೋದ?"

"ಅದೂ ಬಲಗೈಲೇ."

ಡಾಕ್ಟರು ಮೇಜನ್ನು ತೋರಿಸಿ, ರೊಟ್ಟಿ ಇದೆ ಎಂದುಕೊಂಡು ಬಡಿಯಿರಿ ಎಂದರು. ರತ್ನಮಾಲಾಬಾಯಿ ನಾಚಿಕೊಂಡು ಬಡಿಯತೊಡಗಿದರು. ಗಡಿಯಾರದಲ್ಲಿ ಎಂಬತ್ತು ನೂರಾಯಿತು, ನೂರು ನೂರಾ ಮೂವತ್ತೆಂಟಾಯಿತು.

"ಇದು ಎದಿ ಬಡಿತ ಅಲ್ಲರಿ, ರೊಟ್ಟಿ ಬಡಿತ," ಎಂದರು ಡಾಕ್ಟರು. ಗಡಿಯಾರದ ಕೆಳಗಿನ ಹಸಿರು ಬೆಳಕು ರಕ್ತದ ಓಟವನ್ನು ನೋಡಿ ಬಡಿತ ಅಳೆಯುತ್ತದೆ; ಕೈ ಹೀಗೆ ಕುಟ್ಟುತ್ತಿದ್ದರೆ ಅದಕ್ಕೆ ಗಲಿಬಿಲಿಯಾಗುತ್ತದೆ ಎಂದು ತಿಳಿಸಿದರು. "ಹಂಗಂತ ಒಗಿಬ್ಯಾಡ್ರಿ. ಒಬ್ಬರ ತಾಳ ತಪ್ಪಿದ ಬಡಿತ ಇದರಿಂದನ ಸಿಕ್ಕಿತ್ತು. ಅದು ತೋರಸ್ತೈತಿ, ಅಷ್ಟ. ಯಾಕ ಅಂತ ನಾವು ನೋಡ್ಕೋಬೇಕು."

ಶಾಲನಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಹಂಗಾರ ನನ್ನ ತಪ್ಪ ಏನೂ ಇಲ್ಲ?"

"ಇಲ್ರಿ."

"ಇದನ್ನ ನಮ್ಮ ತಮ್ಮಗ ಚೀಟಿ ಮ್ಯಾಲ ಬರದ ಕೊಡ್ರಿ."

ಹಿಂದಿರುಗುವಾಗ ಚೌಗುಲೆಯವರ ಮೈ ಹಗುರಾಗಿತ್ತು. ಹಾತಕಣಂಗಲೆ ದಾಟುವವರೆಗೂ ಯಂತ್ರಗಳು ಎಷ್ಟು ಸುಳ್ಳು ಹೇಳುತ್ತವೆ ಎಂಬುದರ ಮೇಲೆ ಭಾಷಣ ನಡೆಯಿತು. ಹಿಂದಿನ ಸೀಟಿನಿಂದ ಶಾಲನಕ್ಕ ನಡುವೆ ಬಾಯಿ ಹಾಕಿದರು: "ರೊಟ್ಟಿ ಬಡಿದಿದ್ದಕ್ಕ ಅಂದ್ರ, ರಜಾ ದಿನ ಯಾಕ ಬರಂಗಿಲ್ಲ? ಅವತ್ತ ನೀವು ರೊಟ್ಟಿ ತಿನ್ನಂಗಿಲ್ಲೇನ?"

ರತ್ನಮಾಲಾಬಾಯಿ ಕಿಟಕಿಯಿಂದ ಮುಖ ತಿರುಗಿಸಿದರು.

"ಬಡಿತೇನ್ರಿ ಅಕ್ಕಾರ. ಅವತ್ತ ಸಾವಕಾಶ ಬಡಿತೇನಿ," ಎಂದರು. "ಉಳಿದ ದಿನ ಇವರು ಬರೂದು ಪೌಣೆ ಆರಕ್ಕ. ಆರಕ್ಕ ಹೊತ್ತ ಮುಳಗತೈತಿ. ಅಷ್ಟರಾಗ ಊಟ ಆಗಬೇಕು. ಮೊದಲ ಮಾಡಿಟ್ಟರ ಆರಿದ್ದು ಅಂತ ಬದೀಗಿ ಸರಸ್ತಾರ. ಅದಕ್ಕ ಗಾಡಿ ಸಪ್ಪಳ ಕೇಳಿದ ಮ್ಯಾಲನ ಹಂಚ ಇಡತೇನಿ. ಇವರ ತಾಟಿಗೆ ಬಿಸಿದು ಹಾಕ್ಕೋತ ಹಾಕ್ಕೋತ ಒಂದೊಂದ ದಿನ ನನ್ನ ಊಟ ಉಳದಬಿಡತೈತಿ."

"ಉಳದರ?" ಎಂದು ಕೇಳಿದರು ಶಾಲನಕ್ಕ.

"ಹೊತ್ತ ಮುಳಗಿದ ಮ್ಯಾಲ ನಾ ಉಣ್ಣಂಗಿಲ್ಲಲ್ಲರಿ. ಮರುದಿನ ಮುಂಜಾನೆನ."

ಕಾರು ನಿಧಾನವಾಯಿತು. ಮುಂದೆ ಕಬ್ಬಿನ ಗಾಡಿಯೇನೂ ಇರಲಿಲ್ಲ. ಚೌಗುಲೆಯವರು ಕನ್ನಡಿಯಲ್ಲಿ ಹೆಂಡತಿಯ ಮುಖವನ್ನು ಹುಡುಕಿದರು. ಮೂವತ್ತು ವರ್ಷಗಳಲ್ಲಿ ಅಂಥ ಸಂಜೆಗಳು ಎಷ್ಟಾಗಿರಬಹುದು ಎಂದು ಯೋಚಿಸಹೋಗಿ, ಆ ಯೋಚನೆಯನ್ನು ಮುಂದುವರಿಸಲು ಅವರಿಗೆ ಧೈರ್ಯವಾಗಲಿಲ್ಲ.

"ನನಗ ಗೊತ್ತ ಆಗಲೇ ಇಲ್ಲ," ಎಂದರು.

"ನೀವು ಉಂಡ ಕೈ ತೊಳಕೊಂಡ ಶೆಡ್ಡಿಗೆ ಹೋದ ಮ್ಯಾಲ ನಾ ತಾಟ ತಗೊಂತೇನಿ," ಎಂದು ರತ್ನಮಾಲಾಬಾಯಿ ಗಂಡನ ಪರವಾಗಿಯೇ ಹೇಳಿದರು. "ನಿಮಗರ ಹೆಂಗ ಗೊತ್ತ ಆಗಬೇಕು?"

ಈಗ ಶಾಲನಕ್ಕನಾದರೂ ಬೈದಿದ್ದರೆ ಚೌಗುಲೆಯವರಿಗೆ ಎಷ್ಟೋ ಹಿತವೆನಿಸುತ್ತಿತ್ತು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅಕ್ಕನನ್ನು ಹತ್ತಿಸಿ, ಚೌಗುಲೆಯವರು ಶೆಡ್ಡನ್ನು ಮೇಸ್ತ್ರಿ ವಿಜಯನಿಗೆ ಒಪ್ಪಿಸಿ, ಐದಕ್ಕೆಲ್ಲ ಮನೆಯ ಮುಂದೆ ಗಾಡಿ ನಿಲ್ಲಿಸಿದರು. ಒಳಗಿನಿಂದ ರತ್ನಮಾಲಾಬಾಯಿ ಬರಿಗಾಲಲ್ಲಿ ಓಡಿಬಂದರು.

"ಏನಾತ್ರಿ? ಶೆಡ್ಡಿನ್ಯಾಗ ಯಾರಿಗರ ಪೆಟ್ಟ ಬಿತ್ತೇನ?"

"ಯಾರಿಗೂ ಏನೂ ಆಗಿಲ್ಲ. ಊಟಕ್ಕ ಬಂದೇನಿ. ಇಬ್ರೂ ಕೂಡೇ ಉಣ್ಣೂಣು."

ರತ್ನಮಾಲಾಬಾಯಿ ಗಂಡನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಚೌಗುಲೆಯವರು ನೇರ ಅಡುಗೆಮನೆಗೆ ನಡೆದು, ಎರಡು ತಾಟು ತೆಗೆಯಲು ಒಂದು ಕಪಾಟು ತೆರೆದರು. ಅದರಲ್ಲಿ ಬೇಳೆಯ ಡಬ್ಬಿಗಳಿದ್ದವು. ಇನ್ನೊಂದು ತೆರೆದರು; ಅದರಲ್ಲಿ ಉಪ್ಪಿನಕಾಯಿಯ ಭರಣಿಗಳು. ಮೂರನೆಯದಕ್ಕೆ ಕೈ ಹಾಕುವಾಗ, ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಎದೆಯ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು.

"ತಾಟ ನಿಮ್ಮ ಬೆನ್ನ ಹಿಂದ ಅದಾವ್ರಿ," ಎಂದರು. "ಮತ್ತ ನಾಳಿಯಿಂದ ಇಷ್ಟ ಲಗೂ ಬರೂದಿದ್ರ ಮೊದಲ ಒಂದ ಫೋನ್ ಮಾಡಿ ಬರ್ರಿ. ನಿನ್ನಿತನಾ ಈ ಎದಿಗೆ ಏನೂ ಆಗಿರಲಿಲ್ಲ. ಇವತ್ತ ಐದಕ್ಕ ನಿಮ್ಮ ಗಾಡಿ ಸಪ್ಪಳ ಕೇಳಿ ಧಸಕ್ ಅಂತು."