ಗುಂಡ್ಯಾ ಕಲಿತ ಗಂಟೆಯ ಪಾಠ

ಮಾಸ್ತರಿಕೆ ಮಾಡುವವರಿಗೆ ಅಂಟಿಕೊಳ್ಳುವ ರೋಗಗಳಲ್ಲಿ ಹಲಗೆಯ ಮೇಲೆ ಬರೆಯುವ ಖಡುವಿನ ಧೂಳಿನಿಂದ ಬರುವ ಕೆಮ್ಮು ಏನೇನೂ ಅಲ್ಲ. ಯಾರಿಗೆ ಬೇಕಾದರೂ ಏನು ಬೇಕಾದರೂ ಕಲಿಸಬಲ್ಲೆ ಎಂಬ ಭ್ರಮೆ ಇದೆಯಲ್ಲ, ಅದು ದೊಡ್ಡ ರೋಗ. ಅದಕ್ಕೆ ಯಾವ ದವಾಖಾನೆಯಲ್ಲೂ ಔಷಧವಿಲ್ಲ. ನನಗಂತೂ ಅದು ಬಲವಾಗಿಯೇ ತಗುಲಿತ್ತು. ಗಡ್ಡ ಬೋಳಿಸುವವನ ಕತ್ತಿ ನನ್ನ ಗಂಟಲ ಮೇಲಿರುವಾಗಲೇ ಕತ್ತಿಯನ್ನು ಹಿಡಿಯುವ ಸರಿಯಾದ ಕ್ರಮವನ್ನು ಅವನಿಗೆ ವಿವರಿಸಿದವನು ನಾನು. ನಮ್ಮ ಮನೆಯ ಮಾಲಕಿ ನೀಲವ್ವನಿಗೆ ಜೋಳದ ರೊಟ್ಟಿ ಬಡಿಯುವುದು ಹೇಗೆಂದು ಹೇಳಲು ಹೋದಾಗ, ಆಕೆ ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿದಳು. ನಾನು ಬಡಿದ ರೊಟ್ಟಿ ಮುಂಬೈ ಪ್ರಾಂತದ ನಕಾಶೆಯ ಹಾಗೆ ಬಂತು. ಆಗ ನಾವಿನ್ನೂ ಆ ಪ್ರಾಂತದಲ್ಲೇ ಇದ್ದೆವಾದ್ದರಿಂದ ಅದನ್ನು ಭೂಗೋಳದ ಪಾಠವೆಂದು ಸಮರ್ಥಿಸಿಕೊಂಡು ಎದ್ದು ಬಂದೆ. ಇಂಥ ಮನುಷ್ಯನ ಕೈಗೆ ಒಂದು ನಾಯಿಮರಿ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ನರಗುಂದದಿಂದ ಗಜೇಂದ್ರಗಡಕ್ಕೆ ನನಗೆ ವರ್ಗವಾಗಿ ಹೆಚ್ಚು ದಿನವಾಗಿರಲಿಲ್ಲ. ನಾನು ಗಂಡುಮಕ್ಕಳ ಶಾಲೆಯಲ್ಲಿ, ನನ್ನ ಹೆಂಡತಿ ಸುಮಿತ್ರಾ ಊರಿನ ಆ ತುದಿಯ ಹೆಣ್ಣುಮಕ್ಕಳ ಶಾಲೆಯಲ್ಲಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೊರಟರೆ ಇಬ್ಬರೂ ಮನೆ ಸೇರುವುದು ಸಂಜೆಗೆ. ಒಂದು ಸಂತೆಯ ದಿನ ಬದನೆಕಾಯಿ ತರಲೆಂದು ಹೋದವನು ರಾಜೂರಿನ ಒಕ್ಕಲಿಗನೊಬ್ಬನ ಬುಟ್ಟಿಯೊಳಗೆ ಕಾಯಿಗಳ ನಡುವೆ ಮಲಗಿದ್ದ ಕಂದು ಬಣ್ಣದ ಮರಿಯನ್ನು ನೋಡಿದೆ. ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿತು, ಆಕಳಿಸಿತು, ಮತ್ತೆ ಮಲಗಿತು. ಹಿಂದಿನ ಸಾಲಿನಲ್ಲಿ ಕೂರುವ ಜಾಣ ವಿದ್ಯಾರ್ಥಿಯ ಲಕ್ಷಣವೆಲ್ಲ ಅದರಲ್ಲಿ ಕಂಡಿತು. "ಒಯ್ಯರಿ ಮಾಸ್ತರ, ಚಲೋ ಜಾತಿ ಐತಿ. ಇದರವ್ವ ನಮ್ಮ ಹೊಲದಾಗ ಒಂದ ಹಂದಿ ಕಾಲಿಡಾಕ ಬಿಡೂದಿಲ್ರಿ" ಎಂದ ಅವನು. ನಮಗೆ ಹೊಲವೂ ಇರಲಿಲ್ಲ, ಹಂದಿಯ ಕಾಟವೂ ಇರಲಿಲ್ಲ. ಆದರೂ ತಂದೆ. ಬದನೆಕಾಯಿ ತರುವುದು ಮರೆತುಹೋಯಿತು.

ಸುಮಿತ್ರಾ ಚೀಲದೊಳಗೆ ಇಣುಕಿ ನೋಡಿದಳು. "ಇದನ್ನ ಪಲ್ಯ ಮಾಡ್ಲ್ಯಾ?" ಎಂದು ಕೇಳಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು: "ನೋಡ್ರಿ, ಹಾಲು ನಾ ಹಾಕ್ತೀನಿ. ಅದರ ಒಂದಕ್ಕ ಎರಡಕ್ಕ ಎಲ್ಲಾ ನಿಮ್ಮ ಕಡೆ." ಕೆಲಸದ ಹಂಚಿಕೆಯಲ್ಲಿ ಆಕೆ ಯಾವಾಗಲೂ ನನಗಿಂತ ಮುಂದು. ಮರಿ ದುಂಡಗಿತ್ತು, ಆದ್ದರಿಂದ ಗುಂಡ್ಯಾ ಎಂದು ಹೆಸರಾಯಿತು.

ನಾವಿದ್ದ ಮನೆಯ ರಚನೆಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ತಪ್ಪೆಲ್ಲ ಅದರದೇ ಎಂದು ನಾನು ಈಗಲೂ ವಾದಿಸುತ್ತೇನೆ. ತಲಬಾಗಿಲು ದಾಟಿ ಒಳಗೆ ಬಂದರೆ ಮೊದಲು ತಗ್ಗಿನಲ್ಲಿ ನೀಲವ್ವನ ಎಮ್ಮೆ ಚಂದ್ರಿಯ ವಾಸ. ಅದರ ಮೇವಿನ ಗೋದಲಿ, ಅದರ ಹಗ್ಗ, ಅದರ ಕೊರಳ ಗಂಟೆ, ನೀರು ಹೊರಗೆ ಹರಿದುಹೋಗುವ ಮೋರಿ. ಅಲ್ಲಿಂದ ಎರಡು ಮೆಟ್ಟಿಲು ಹತ್ತಿದರೆ ಮನುಷ್ಯರ ಪಡಸಾಲೆ. ಪಡಸಾಲೆಯ ಒಂದು ಮಗ್ಗುಲಿಗೆ ನಮ್ಮ ಬಾಡಿಗೆಯ ಖೋಲಿ, ಇನ್ನೊಂದು ಮಗ್ಗುಲಿಗೆ ನೀಲವ್ವನ ಅಡುಗೆಮನೆ, ನಡುವೆ ಗೋಡೆಯ ಮಾಡದಲ್ಲಿ ಆಕೆಯ ದೇವರು. ನೀಲವ್ವ ಗಂಡನಿಲ್ಲದ, ಮಕ್ಕಳೆಲ್ಲ ಅವರವರ ಸಂಸಾರದಲ್ಲಿರುವ, ಹಾಲು ಮಾರಿ ಗಟ್ಟಿಯಾಗಿ ಬದುಕುವ ಹೆಂಗಸು. ಆ ಪಡಸಾಲೆ ಆಕೆಯ ಪ್ರಾಣ. ದಿನಾ ಬೆಳಿಗ್ಗೆ ಸೆಗಣಿಯಿಂದ ಅದನ್ನು ಸಾರಿಸಿ, ಅಂಚಿಗೆ ಸುಣ್ಣದ ಗೆರೆ ಎಳೆದು, ಸೊಂಟಕ್ಕೆ ಕೈಯಿಟ್ಟು ಒಮ್ಮೆ ನೋಡಿದ ಮೇಲೆಯೇ ಆಕೆ ಚಹಾ ಕುಡಿಯುವುದು.

ಈಗ ಗುಂಡ್ಯಾನ ದೃಷ್ಟಿಯಿಂದ ನೋಡಿ. ಈ ಮನೆಯಲ್ಲಿ ನಾಲ್ಕು ಕಾಲಿನ ಒಬ್ಬಳು ದೊಡ್ಡವಳಿದ್ದಾಳೆ. ಅವಳು ಮನೆಯೊಳಗೇ ನಿಂತು, ಎಲ್ಲರ ಎದುರಿಗೆ, ಯಾವ ಸಂಕೋಚವೂ ಇಲ್ಲದೆ ತನ್ನ ಕೆಲಸ ಮುಗಿಸುತ್ತಾಳೆ. ಅವಳನ್ನು ಯಾರೂ ಬೈಯುವುದಿಲ್ಲ. ಬೈಯುವುದಿರಲಿ, ಮನೆಯ ಯಜಮಾನಿ ಓಡಿಬಂದು ಎರಡೂ ಕೈಯಿಂದ ಅದನ್ನು ಎತ್ತಿಕೊಂಡು ಹೋಗಿ ಭಕ್ತಿಯಿಂದ ನೆಲಕ್ಕೆಲ್ಲ ಬಳಿಯುತ್ತಾಳೆ. ಇದನ್ನು ನೋಡಿದ ಮರಿ, ತನ್ನದೂ ಒಂದು ಸಣ್ಣ ಕಾಣಿಕೆ ಇರಲೆಂದು ಅದೇ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರೆ, ಮನೆಯೇ ಕುಸಿದುಬಿದ್ದಂತೆ ಕೂಗು! ನಾನೇ ನಾಯಿಮರಿಯಾಗಿದ್ದರೂ ಇದರ ನ್ಯಾಯ ನನಗೆ ತಿಳಿಯುತ್ತಿರಲಿಲ್ಲ. ಒಮ್ಮೆ ಇದನ್ನು ನೀಲವ್ವನಿಗೆ ಹೇಳಿಯೂ ನೋಡಿದೆ. "ಎಮ್ಮಿ ಹಾಲು ಕೊಡತೈತ್ರಿ ಮಾಸ್ತರ. ನಿಮ್ಮ ಗುಂಡ್ಯಾ ಏನ ಕೊಡತಾನ?" ಎಂದಳು. ಗುಂಡ್ಯಾ ಕೊಡುತ್ತಿದ್ದುದು ಆಗ ನಮ್ಮಿಬ್ಬರ ನಡುವೆಯೇ ನೆಲದ ಮೇಲೆ ಹರಿಯುತ್ತಿತ್ತು.

ಅಂದೇ ಆಕೆ ವಾಯಿದೆ ಹಾಕಿದಳು. "ಬರೂ ಅಮಾಸಿ ತನಕ ನೋಡ್ತೇನಿ. ಅವತ್ತ ದೊಡ್ಡ ಪೂಜಿ ಐತಿ ನಂದು. ಅವತ್ತೂ ಇದು ಪಡಸಾಲಿ ಹೊಲಸ ಮಾಡಿತಂದ್ರ, ಮುಂದಿನ ಸಂತಿಗೆ ರಾಜೂರಿನವನ ಬುಟ್ಟಿಯೊಳಗ ಇಟ್ಟು ಕಳಸೂದು. ಮತ್ತ ಮಾತಿಲ್ಲ." ನೀಲವ್ವ 'ಮತ್ತ ಮಾತಿಲ್ಲ' ಎಂದರೆ ನಿಜವಾಗಿಯೂ ಮತ್ತೆ ಮಾತಿರುತ್ತಿರಲಿಲ್ಲ. ಅಷ್ಟರೊಳಗೆ ಆ ಮರಿ ನನಗೆ ಬೇಕಾಗಿಬಿಟ್ಟಿತ್ತು. ಸಂಜೆ ನಾನು ಬರುವಾಗ ಅದು ಬಾಲ ಅಲ್ಲಾಡಿಸಲು ಹೋಗಿ ಇಡೀ ಹಿಂಭಾಗವನ್ನೇ ಅಲ್ಲಾಡಿಸಿ ಉರುಳಿಬೀಳುತ್ತಿತ್ತು. ನನ್ನನ್ನು ನೋಡಿ ಅಷ್ಟು ಸಂತೋಷಪಟ್ಟವರು ನನ್ನ ಇಪ್ಪತ್ತೆಂಟು ವರ್ಷದ ಬಾಳಿನಲ್ಲಿ ಬೇರೆ ಯಾರೂ ಇರಲಿಲ್ಲ. ಈ ಮಾತನ್ನು ಸುಮಿತ್ರಾಳ ಎದುರು ಆಡಿದ್ದು ಬೇರೆ ತಪ್ಪು, ಅದನ್ನು ಇಲ್ಲಿ ವಿವರಿಸುವುದಿಲ್ಲ.

ನಮ್ಮ ಶಾಲೆ ಮನೆಯಿಂದ ಒಂದು ಓಣಿಯ ಆಚೆಗಿತ್ತು. ಜಗಲಿಯ ತೊಲೆಗೆ ರೈಲು ಕಂಬಿಯ ತುಂಡೊಂದನ್ನು ತೂಗುಹಾಕಿದ್ದರು. ಅದಕ್ಕೆ ಸುತ್ತಿಗೆಯಿಂದ ಬಾರಿಸಿದರೆ ಅರ್ಧ ಊರಿಗೆ ಕೇಳುತ್ತಿತ್ತು. ಪಾಠದ ನಡುವೆ ಬಿಡುವು ಕೊಡುವ ಸಣ್ಣ ಸೂಟಿಯ ಗಂಟೆಯಾಗುತ್ತಲೇ ಹುಡುಗರೆಲ್ಲ ಒಮ್ಮೆಲೇ ಬಯಲಿಗೆ ಓಡಿ ಗೋಡೆಯ ಮಗ್ಗುಲಿಗೆ ಸಾಲಾಗಿ ನಿಲ್ಲುತ್ತಿದ್ದರು. ಅದುವರೆಗೆ ತನಗೆ ಅವಸರವಿದೆ ಎಂದು ಗೊತ್ತೇ ಇರದ ಹುಡುಗನಿಗೂ ಗಂಟೆ ಕೇಳಿದೊಡನೆ ಅವಸರವಾಗುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದಾಗ ನನಗೆ ಹೊಳೆಯಿತು. ಮನುಷ್ಯರ ಮಕ್ಕಳು ಗಂಟೆಗೆ ಹೊಂದಿಕೊಳ್ಳುವುದಾದರೆ ಗುಂಡ್ಯಾ ಯಾಕೆ ಹೊಂದಿಕೊಳ್ಳಬಾರದು? ಟ್ರೇನಿಂಗ್ ಕಾಲೇಜಿನಲ್ಲಿ ಕಲಿತ ಶಿಕ್ಷಣಶಾಸ್ತ್ರವೆಲ್ಲ ತಲೆಯಲ್ಲಿ ಎದ್ದು ನಿಂತಿತು.

ಮರುದಿನದಿಂದ ಸಣ್ಣ ಸೂಟಿಯ ಗಂಟೆಯಾಗುತ್ತಲೇ ನಾನು ಧೋತರದ ಚುಂಗು ಹಿಡಿದು ಮನೆಗೆ ಓಡುವುದು, ಮರಿಯನ್ನು ಎತ್ತಿಕೊಂಡು ಪಡಸಾಲೆ ದಾಟಿ ಹಿತ್ತಲ ಬಯಲಿಗೆ ಒಯ್ದು ಇಳಿಸುವುದು, ಅದು ಕೆಲಸ ಮುಗಿಸಿದರೆ ಬೆಲ್ಲದ ಚೂರು ಕೊಟ್ಟು "ಶಾಬ್ಬಾಸ್" ಎನ್ನುವುದು, ಮತ್ತೆ ಶಾಲೆಗೆ ಓಡುವುದು. ಮಧ್ಯಾಹ್ನದ ದೊಡ್ಡ ಸೂಟಿಗೂ ಇದೇ ಓಟ. ಪಾಠದ ನಡುವೆ ಮಗ್ಗಿ ಹೇಳಿಸುವಾಗಲೂ ನನ್ನ ಒಂದು ಕಿವಿ ಗಂಟೆಯ ಕಡೆಗೇ. ಈ ಓಟವನ್ನು ನಮ್ಮ ಹೆಡ್‌ಮಾಸ್ತರರು ಸೂಕ್ಷ್ಮವಾಗಿ ಗಮನಿಸಿದರು. ಅವರು ಮೃದು ಸ್ವಭಾವದವರು, ಕಂಡವರ ಆರೋಗ್ಯವೆಲ್ಲ ತಮ್ಮದೇ ಜವಾಬ್ದಾರಿ ಎಂದು ತಿಳಿದವರು. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಕೇಳಿದರು: "ಹೊಟ್ಟಿ ಭಾಳ ತ್ರಾಸ ಕೊಡ್ಲಿಕತ್ತದೇನ್ರಿ? ನಾಚ್ಕೋಬ್ಯಾಡ್ರಿ, ಎಲ್ಲಾರಿಗೂ ಬರೂದ ಅದು." ನಾಯಿಯನ್ನು ಒಂದಕ್ಕೆ ಒಯ್ಯಲು ಓಡುತ್ತೇನೆ ಎಂದು ಸರಕಾರದ ಪಗಾರ ತಿನ್ನುವವನು ಹೇಗೆ ಹೇಳುವುದು? "ಹೌದ್ರಿ, ಸ್ವಲ್ಪ" ಎಂದೆ. ಅಷ್ಟೇ ಸಾಕಾಯಿತು. ಮರುದಿನದಿಂದ ಅವರ ಮನೆಯಿಂದ ತಂಬಿಗೆಯಲ್ಲಿ ದಾಳಿಂಬೆ ಸಿಪ್ಪೆಯ ಕಷಾಯ ಬರತೊಡಗಿತು. ಅವರ ಎದುರಿಗೇ ನಿಂತು ಕುಡಿಯಬೇಕು. ಗುಂಡ್ಯಾನಿಗೆ ಇರಬೇಕಾದ ಹಿಡಿತವೆಲ್ಲ ಅದರಿಂದ ನನಗೆ ಬಂತು, ಅಗತ್ಯಕ್ಕಿಂತ ಹೆಚ್ಚಾಗಿಯೇ ಬಂತು.

ಆದರೂ ಪಾಠ ಹತ್ತಿತು! ಗಂಟೆ ಕೇಳಿದರೆ ಸಾಕು, ಗುಂಡ್ಯಾ ಎಲ್ಲಿದ್ದರೂ ಕಿವಿ ನಿಗುರಿಸಿ ಚಡಪಡಿಸತೊಡಗಿದ. ಬಯಲಿಗೆ ಇಳಿಸಿದೊಡನೆ ಕೆಲಸ. ನಾನು ಉಬ್ಬಿಹೋದೆ. ಸಂಜೆ ಕಟ್ಟೆಯ ಮೇಲೆ ಎಲ್ಲರೂ ಕನ್ನಡ ನಾಡು ಒಂದಾಗುವ ಮಾತಾಡುತ್ತಿದ್ದರೆ ನಾನು ನಡುವೆ ಬಾಯಿ ಹಾಕಿ ಗಂಟೆಯ ಪದ್ಧತಿಯ ಬಗ್ಗೆ ಭಾಷಣ ಮಾಡಿದೆ. ನಾನು ಲೆಕ್ಕಕ್ಕೆ ಹಿಡಿಯದ ಸಂಗತಿ ಒಂದೇ. ಗಂಟೆ ನಮ್ಮ ಶಾಲೆಯೊಂದರ ಆಸ್ತಿಯಲ್ಲ.

ಸೋಮವಾರ ಭಿಕ್ಷೆಗೆ ಬರುವ ಅಯ್ಯನವರು ಮೊಣಕಾಲಿಗೆ ಗಂಟೆ ಕಟ್ಟಿಕೊಂಡು ಬಾಗಿಲಲ್ಲಿ ಬಂದು ನಿಂತರು. ಗಂಟೆ ಢಣ್ ಎಂದಿತು. ಪಡಸಾಲೆಯ ನಟ್ಟನಡುವೆ ಮಲಗಿದ್ದ ಗುಂಡ್ಯಾ ಕರ್ತವ್ಯನಿಷ್ಠೆಯಿಂದ ಎದ್ದು ಅಲ್ಲೇ ಕೂತ. ಜೋಳದ ಮೊರ ಹಿಡಿದು ಬಂದ ನೀಲವ್ವ ಕಲ್ಲಾಗಿ ನಿಂತಳು. ಅಯ್ಯನವರು ಮಾತ್ರ ನಕ್ಕು, "ಇರ್ಲಿ ಬಿಡವಾ, ಅದೂ ತನ್ನ ಕೈಲಾದಷ್ಟು ನೀಡೇತಿ" ಎಂದರು. ಮರುದಿನ ಬೆಳಿಗ್ಗೆ ನೀಲವ್ವ ದೇವರ ಮಾಡದ ಮುಂದೆ ಕೈಗಂಟೆ ಎತ್ತಿದಳು. ಮತ್ತೆ ಅದೇ. ಅದರ ಮರುದಿನ ಆಕೆ ಗಂಟೆ ಬಾರಿಸದೆ ಪೂಜೆ ಮಾಡಿದಳು. "ನಾಯಿಗೆ ಅಂಜಿ ದೇವರ ಗಂಟಿ ಬಿಟ್ಟೆ. ಆದ್ರ ಅಮಾಸಿ ದಿನ ಬಾರಸಾಕಿ ನಾನು" ಎಂದಳು.

ಕಲಿಸಿದ್ದನ್ನು ಮರೆಸುವುದು ಯಾವ ಶಿಕ್ಷಣಶಾಸ್ತ್ರದಲ್ಲೂ ಇರಲಿಲ್ಲ. ಗುಂಡ್ಯಾ ದಡ್ಡನಾಗಿದ್ದರೆ ಉಳಿಯುತ್ತಿದ್ದ; ಹೇಳಿಕೊಟ್ಟದ್ದನ್ನು ಕಲಿತದ್ದಕ್ಕೆ ಮನೆ ಬಿಡುವ ಹಾಗಾಯಿತಲ್ಲ ಎಂದು ನನಗೆ ಖರೇ ಸಂಕಟವಾಯಿತು. ಸುಮಿತ್ರಾ ಬಡಿಸುತ್ತಿದ್ದ ಹಾಲಿನ ಕೆನೆ ನನ್ನ ರೊಟ್ಟಿಯಿಂದ ಮಾಯವಾಗಿ ಗುಂಡ್ಯಾನ ಮೀಸೆಗೆ ಅಂಟಿರುವುದನ್ನು ನಾನು ನೋಡಿದ್ದೆ. ಇಬ್ಬರೂ ಶಾಲೆಗೆ ಹೋಗುವಾಗ ಖೋಲಿಗೆ ಬೀಗ ಹಾಕಿ ಮರಿಯನ್ನು ಕೆಳಗೆ ಚಂದ್ರಿಯ ಬಳಿ ಬಿಟ್ಟುಹೋಗುತ್ತಿದ್ದೆವು. ಹೋಗುವಾಗ ಸುಮಿತ್ರಾ ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದಳು.

ಅಮಾವಾಸ್ಯೆ ಬಂತು. ಹಿಂದಿನ ರಾತ್ರಿ ಸುರಿದ ಮಳೆಗೆ ಓಣಿಯೆಲ್ಲ ಎರೆಮಣ್ಣಿನ ಕೆಸರು. ಶಾಲೆ ಬಿಟ್ಟೊಡನೆ ಓಡಿಬಂದೆ. ದೀಪ ಹಚ್ಚಿಯಾಗಿತ್ತು, ನೀಲವ್ವ ಇಳಕಲ್ಲ ಸೀರೆಯುಟ್ಟು ಮಾಡದ ಮುಂದೆ ಕೂತಿದ್ದಳು, ಸುಮಿತ್ರಾ ಗುಂಡ್ಯಾನನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ನಾನು ಪಡಸಾಲೆ ದಾಟಿ ಹೋಗಿ ಅವನನ್ನು ಎತ್ತಿಕೊಂಡೆ, ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ. ಬೇಕಾದರೆ ನನ್ನ ಅಂಗಿಯ ಮೇಲೆಯೇ ಮಾಡಲಿ, ನೆಲದ ಮೇಲೆ ಬೇಡ ಎಂಬುದೊಂದೇ ನನ್ನ ಪ್ರಾರ್ಥನೆ. ನೀಲವ್ವ ನಮ್ಮ ಕಡೆಗೊಮ್ಮೆ ನೋಡಿ ಗಂಟೆ ಎತ್ತಿದಳು.

ಗಂಟೆ ಕೇಳಿದ್ದೇ ತಡ, ಗುಂಡ್ಯಾ ಮೀನಿನಂತೆ ಕೊಸರಿದ. ಅಂಗಿಯ ಗುಂಡಿ ಕಿತ್ತುಬಂತು, ಮರಿ ಕೈತಪ್ಪಿ ನೆಲಕ್ಕೆ ಬಿತ್ತು. ಸುಮಿತ್ರಾ "ಅಯ್ಯೋ" ಎಂದು ಕಣ್ಣು ಮುಚ್ಚಿಕೊಂಡಳು. ಗುಂಡ್ಯಾ ಪಡಸಾಲೆಯ ಮೇಲೆ ನಿಲ್ಲಲಿಲ್ಲ. ಉರುಳುತ್ತ ಏಳುತ್ತ ಮೆಟ್ಟಿಲು ಇಳಿದು, ನೇರ ಚಂದ್ರಿಯ ಬಳಿಗೆ ಓಡಿದ. ಮಲಗಿದ್ದ ಚಂದ್ರಿ ಬೆದರಿ ಎದ್ದು ನಿಂತಳು, ಅವಳ ಕೊರಳ ಗಂಟೆ ಢಣಢಣ ಎಂದಿತು, ಬಾಲ ಮೇಲೇರಿತು. ಅವಳ ಹಿಂಗಾಲಿನ ಮಗ್ಗುಲಲ್ಲಿ, ಮೋರಿಯ ಅಂಚಿಗೆ ಗುಂಡ್ಯಾ ಕೂತ. ಇಬ್ಬರೂ ಕೂಡಿಯೇ ಮುಗಿಸಿದರು. ಆಗ ನನಗೆ ಅರ್ಥವಾಯಿತು. ನಾನು ದಿನಕ್ಕೆ ಎರಡು ಸೂಟಿಯಲ್ಲಿ ಕಲಿಸಿ ಕೆಡಿಸಿದ್ದನ್ನು, ನಾವಿಲ್ಲದ ಹೊತ್ತಿನಲ್ಲೆಲ್ಲ ಚಂದ್ರಿ ಎದ್ದಾಗಲೊಮ್ಮೆ ಕೊರಳ ಗಂಟೆ ಬಾರಿಸಿ, ಜಾಗ ತೋರಿಸಿ, ಸ್ವತಃ ಮಾಡಿ ತೋರಿಸಿ ತಿದ್ದಿದ್ದಳು.

ನೀಲವ್ವನ ಕೈಯಲ್ಲಿ ಗಂಟೆ ಹಾಗೇ ನಿಂತಿತು. ಮೊದಲು ಅವಳ ಹೆಗಲು ಕುಲುಕಿತು, ಆಮೇಲೆ ಬಾಯಿಗೆ ಸೆರಗು ಹೋಯಿತು, ಆಮೇಲೆ ದೇವರ ಮುಂದೆಯೇ ಬಿದ್ದುಬಿದ್ದು ನಕ್ಕಳು. "ಪಾಸ್ ಆತಲ್ರಿ ನಿಮ್ಮ ಗುಂಡ್ಯಾ! ಇರ್ಲಿ ಬಿಡ್ರಿ, ಎಲ್ಲಿಗೂ ಹೋಗೂದ ಬ್ಯಾಡ" ಎಂದಳು. ಸುಮಿತ್ರಾ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಆದರೆ ನನ್ನ ರೋಗ ಎಲ್ಲಿ ಬಿಡುತ್ತದೆ? ಗಂಟಲು ಸರಿಮಾಡಿಕೊಂಡು, "ನೋಡ್ರಿ ನೀಲವ್ವ, ಪ್ರಾಣಿಗೆ ಶಿಸ್ತು ಕಲಿಸೂದಂದ್ರ ಒಂದು ಪದ್ಧತಿ ಬೇಕಾಗ್ತದ. ನಾ ಏನು ಮಾಡಿದೆ ಅಂದ್ರ..." ಎಂದು ಶುರುಮಾಡಿದೆ.

ನೀಲವ್ವ ನನ್ನ ಮಾತು ಕೇಳುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ನಾನೂ ನೋಡಿದೆ. ಮೆಟ್ಟಿಲಿನಿಂದ ದೇವರ ಮಾಡದ ತನಕ, ಆಕೆ ಹಬ್ಬಕ್ಕೆಂದು ಸಾರಿಸಿ ಸುಣ್ಣದ ಗೆರೆ ಎಳೆದಿದ್ದ ಪಡಸಾಲೆಯ ಮೇಲೆ ಎರೆಮಣ್ಣಿನ ದೊಡ್ಡ ದೊಡ್ಡ ಚಪ್ಪಲಿಯ ಗುರುತು. ಚಪ್ಪಲಿ ಇನ್ನೂ ನನ್ನ ಕಾಲಿನಲ್ಲೇ ಇತ್ತು.

"ಸಣ್ಣ ಸೂಟಿಗೊಮ್ಮೆ, ದೊಡ್ಡ ಸೂಟಿಗೊಮ್ಮೆ ದಿನಾ ಹಿಂಗ ತುಳದೀರಿ. ನಾಯೀದ ಮುಗೀಲಿ ಅಂತ ಸುಮ್ಮಕಿದ್ದೆ" ಎಂದಳು ನೀಲವ್ವ. ಗುಂಡ್ಯಾನನ್ನು ತಾನೇ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕಡೆ ನೋಡಿ ಹೇಳಿದಳು: "ನಿಮಗೂ ಬರೂ ಅಮಾಸಿ ತನಕ ವಾಯಿದೆ ಕೊಡ್ತೇನ್ರಿ ಮಾಸ್ತರ. ಅಷ್ಟರೊಳಗ ಕಲೀಲಿಲ್ಲಂದ್ರ, ರಾಜೂರಿನವನ ಬುಟ್ಟಿ ಖಾಲಿ ಐತಿ."