ಮಗಳ ಮನಸ್ಸಿಗೆ ನಾನು ಹಾಕಿದ ಗುರುತು

ಮಕ್ಕಳನ್ನು ಹೊಗಳುವುದರಲ್ಲಿ ನಾನು ಜಿಪುಣ. ಮನಸ್ಸಿನಲ್ಲಲ್ಲ, ಬಾಯಲ್ಲಿ. ನಮ್ಮ ಮುನವಳ್ಳಿ ಕಡೆ ಮಂದಿಯೆದುರು ಸ್ವಂತ ಕೂಸನ್ನು ಜಾಣೆ ಅಂದುಬಿಟ್ಟರೆ ಸಂಜೆಯೊಳಗೆ ದೃಷ್ಟಿ ತಗಲುತ್ತದೆ. ಆಮೇಲೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವ ಕೆಲಸ. ಆದ್ದರಿಂದ ನನ್ನ ಐದು ವರ್ಷದ ಮಗಳು ನೀಲಾಳನ್ನು ಯಾರಾದರೂ ಮೆಚ್ಚಿದರೆ, "ಎಲ್ಲಿ ಶಾಣ್ಯಾಕಿರಿ, ಬರೇ ಹಟಾ" ಎಂದು ತಕ್ಷಣ ಅವಳ ದರ ಇಳಿಸುತ್ತೇನೆ.

ಹೀಗಿರುವಾಗ ಶಾಲೆಯ ಪಾಲಕರ ಸಭೆಯಲ್ಲಿ ಅವಳಿಗೆ ಪಾಠ ಹೇಳುವ ಅಕ್ಕೋರು ಒಂದು ಹಾಳೆ ಹಂಚಿದರು. ಮಗು ತನ್ನನ್ನು ತಾನು ಏನೆಂದುಕೊಂಡಿದೆ ಎಂಬುದನ್ನು ನಾವು ಅಂದಾಜು ಮಾಡಿ ಗುರುತು ಹಾಕಬೇಕಂತೆ. "ನಾನು ಜಾಣೆ" ಎಂದುಕೊಳ್ಳುತ್ತಾಳೆಯೇ? "ಗೆಳತಿಯರಿಗೆ ನಾನೆಂದರೆ ಇಷ್ಟ" ಎಂದುಕೊಳ್ಳುತ್ತಾಳೆಯೇ? ಯಾವಾಗಲೂ, ಕೆಲವೊಮ್ಮೆ, ಇಲ್ಲವೇ ಇಲ್ಲ. ಅಕ್ಕಪಕ್ಕದ ಪಾಲಕರೆಲ್ಲ ನನ್ನ ಹಾಳೆಯನ್ನೇ ಇಣುಕುತ್ತಿದ್ದರು. ಅಷ್ಟು ಕಣ್ಣುಗಳೆದುರು "ಯಾವಾಗಲೂ" ಎನ್ನಲು ಧೈರ್ಯ ಸಾಲದೆ, ಉದ್ದಕ್ಕೂ "ಇಲ್ಲವೇ ಇಲ್ಲ" ಗೀಚಿ ಎದ್ದು ಬಂದೆ.

ಮೂರನೆಯ ದಿನ ಅಕ್ಕೋರು ಕರೆಸಿದರು. "ಕೂಸಿಗೆ ಮನ್ಯಾಗ ಏನರ ತ್ರಾಸ ಐತೇನ್ರಿ? ತನ್ನ ಬಗ್ಗೆ ಇಷ್ಟು ಕೀಳಾಗಿ ತಿಳ್ಕೊಂಡಾಳಂದ್ರ ಬೆಳಗಾವಿಗೆ ಡಾಕ್ಟರ್ ಕಡೆ ಕರ್ಕೊಂಡ್ ಹೋಗ್ರಿ." ದೃಷ್ಟಿಯ ಭಯ ವಿವರಿಸಲು ಬಾಯಿ ತೆರೆದವನಿಗೆ ಅದಕ್ಕಿಂತ ದೊಡ್ಡ ಭಯ ಹಿಡಿಯಿತು. ದಿನವೂ ನಾನಾಡಿದ ಮಾತನ್ನು ಆ ಕೂಸು ನಿಜವೆಂದೇ ನಂಬಿದ್ದರೆ?

ಅಕ್ಕೋರು ನೀಲಾಳನ್ನೇ ಕರೆದು ಕೇಳಿದರು: "ನೀ ಶಾಣ್ಯಾಕಿ ಅದಿಯೇನವಾ?"

"ಹೂಂ ರೀ. ಭಾಳ."

"ಮತ್ತ ನಿಮ್ಮಪ್ಪ ಇಲ್ಲ ಅಂತ ಬರದಾರಲ್ಲ?"

"ಅಪ್ಪ ಮಂದಿ ಮುಂದ ಹಂಗ ಅಂತಾನ್ರಿ, ದೃಷ್ಟಿ ಆಗಬಾರ್ದಂತ. ಮನ್ಯಾಗ ಭಾಳ ಮುದ್ದು ಮಾಡತಾನ."

ಅಕ್ಕೋರು ನಕ್ಕು ನನ್ನ ಹಾಳೆ ಹರಿದು ಹಾಕಿದರು. ನನಗೆ ಮಗಳನ್ನು ಎತ್ತಿಕೊಂಡು ಅಲ್ಲೇ ಕುಣಿಯಬೇಕೆನಿಸಿತು.

ದಾರಿಯಲ್ಲಿ ಇನ್ನೊಂದು ಸಂತೋಷ ಹೊಳೆಯಿತು. ನಾನು ಚಿಕ್ಕವನಿದ್ದಾಗ ಅವ್ವ ಬಂದ ನೆಂಟರಿಗೆಲ್ಲ "ಇಂವಾ ದಡ್ಡ ಅದಾನ" ಎನ್ನುತ್ತಿದ್ದಳು. ಇಷ್ಟು ವರ್ಷ ಅದನ್ನು ನಂಬಿಕೊಂಡೇ ಬಂದಿದ್ದೆನಲ್ಲ! ಮನೆಗೆ ಬಂದವನೇ ಸೊಪ್ಪು ಸೋಸುತ್ತ ಕುಳಿತಿದ್ದ ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿ, "ನೀನೂ ದೃಷ್ಟಿ ಆಗಬಾರ್ದಂತ ನನಗ ದಡ್ಡ ಅಂತಿದ್ದಿ, ಹೌದಲ್ಲ?" ಎಂದೆ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆವಾಗ ದೃಷ್ಟಿಗಂತನ ಅಂತಿದ್ನಿ. ಈಗ ಖರೇನ ಅಂದಿದ್ನೇನೋ ಅನಸಾಕತ್ತೈತಿ."